ಅಡಿಕೆಯ ‘ಸರ್ಕಾರಿ ದರ’ ಎಲ್ಲಿಂದ ಬರುತ್ತದೆ? ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಲಿ

ಕೊಪ್ಪ ಕಡೆಯ ಓದುಗರೊಬ್ಬರು ನಮಗೆ ಎರಡು ವಾಟ್ಸಾಪ್ ಸಂದೇಶಗಳನ್ನು ಕಳಿಸಿ, ಯಾವುದನ್ನು ನಂಬಬೇಕು ಎಂದು ಕೇಳಿದ್ದಾರೆ.

ಮೊದಲನೆಯದು: ‘ಅಡಿಕೆಗೆ ಭರ್ಜರಿ ಬೆಲೆ! ಕ್ವಿಂಟಲ್‌ಗೆ 90 ಸಾವಿರ ದಾಟಿದೆ. ಇದು ಸರ್ಕಾರಿ ದರ. ಯಾರೂ ಕಡಿಮೆಗೆ ಮಾರಬೇಡಿ. ಎಲ್ಲ ಗ್ರೂಪ್‌ಗೂ ಕಳಿಸಿ.’

ಎರಡನೆಯದು: ‘ಸರ್ಕಾರದ ವೆಬ್‌ಸೈಟ್ ದರ ಶುದ್ಧ ಸುಳ್ಳು. ಅಲ್ಲಿ 57 ಸಾವಿರ ತೋರಿಸ್ತಾರೆ, ಮಂಡಿಗೆ ಹೋದರೆ 51 ಸಾವಿರ ಕೊಡ್ತಾರೆ. ರೈತರಿಗೆ ಮೋಸ.’

ಒಂದು ಸಂದೇಶ ಸರ್ಕಾರದ ಅಂಕಿಯನ್ನು ಆದೇಶ ಎಂದುಕೊಂಡಿದೆ, ಇನ್ನೊಂದು ಮೋಸ ಎಂದುಕೊಂಡಿದೆ. ಎರಡೂ ತಪ್ಪು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ಹಳದಿ ಎಲೆ ರೋಗ ವರ್ಷಗಳಿಂದ ಫಸಲನ್ನು ತಿನ್ನುತ್ತಿದೆ. ಅದರ ಮೇಲೆ ಈಗ ಎಲೆಚುಕ್ಕಿ ರೋಗವೂ ಬಂದಿದೆ. ಹತ್ತು ಕ್ವಿಂಟಲ್ ಬರುತ್ತಿದ್ದ ಕಡೆ ಐದು ಬಂದರೆ, ಆ ಐದನ್ನು ಯಾವಾಗ, ಎಷ್ಟಕ್ಕೆ ಮಾರಬೇಕು ಎಂಬುದೇ ವರ್ಷದ ದೊಡ್ಡ ತೀರ್ಮಾನ. ಅದನ್ನು ಹೆಸರು, ದಿನಾಂಕ ಒಂದೂ ಇಲ್ಲದ ಫಾರ್ವರ್ಡ್ ನೋಡಿ ತೆಗೆದುಕೊಳ್ಳುವುದು ಅಪಾಯ. ಹಾಗಾಗಿ ಈ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲಿನಿಂದ ನೋಡೋಣ.

ಸರ್ಕಾರ ಅಡಿಕೆಗೆ ದರ ನಿಗದಿ ಮಾಡುತ್ತದೆಯೇ?

ಇಲ್ಲ. ಕೇಂದ್ರ ಸರ್ಕಾರ ಭತ್ತ, ರಾಗಿ, ತೊಗರಿ, ಹತ್ತಿಯಂಥ ಬೆಳೆಗಳಿಗೆ ಪ್ರತಿ ವರ್ಷ ಕನಿಷ್ಠ ಬೆಂಬಲ ಬೆಲೆ ಘೋಷಿಸುತ್ತದೆ. ಆ ಪಟ್ಟಿಯಲ್ಲಿ ಅಡಿಕೆ ಇಲ್ಲ.

‘ಕೇಂದ್ರ ಸರ್ಕಾರ ಅಡಿಕೆಗೆ ಕೆ.ಜಿ.ಗೆ 351 ರೂಪಾಯಿ ಬೆಂಬಲ ಬೆಲೆ ಕೊಟ್ಟಿದೆ’ ಎಂದು ಹೇಳುವವರೂ ಇದ್ದಾರೆ. 351 ರೂಪಾಯಿ ಎಂಬ ಅಂಕಿ ನಿಜ, ಅರ್ಥ ಬೇರೆ. ಅದು ಕನಿಷ್ಠ ಆಮದು ಬೆಲೆ. ವಿದೇಶದಿಂದ ಅದಕ್ಕಿಂತ ಅಗ್ಗದ ಅಡಿಕೆ ದೇಶದೊಳಕ್ಕೆ ಬರಬಾರದು ಎಂಬ ತಡೆ. ಮೊದಲು 251 ರೂಪಾಯಿ ಇದ್ದುದನ್ನು 2023ರ ಫೆಬ್ರುವರಿಯಲ್ಲಿ 351ಕ್ಕೆ ಏರಿಸಲಾಯಿತು. ನಿಮ್ಮ ಅಡಿಕೆಯನ್ನು ಆ ದರಕ್ಕೆ ಯಾರಾದರೂ ಕೊಳ್ಳಲೇಬೇಕು ಎಂದು ಅದು ಹೇಳುವುದಿಲ್ಲ.

ಹಾಗಾದರೆ ಮೊಬೈಲಿನಲ್ಲಿ ದಿನವೂ ಕಾಣುವ ‘ಸರ್ಕಾರಿ ದರ’ ಯಾವುದು? ಅದು ವರದಿ. ಇಂಥ ದಿನ, ಇಂಥ ಮಾರುಕಟ್ಟೆಯಲ್ಲಿ, ಇಂಥ ಬಗೆಯ ಅಡಿಕೆ ಇಷ್ಟಕ್ಕೆ ಮಾರಾಟವಾಯಿತು ಎಂಬ ಲೆಕ್ಕ. ಮಳೆ ಮಾಪನ ಕೇಂದ್ರ ನಿನ್ನೆ ಎಷ್ಟು ಮಳೆ ಬಿತ್ತು ಎಂದು ಹೇಳುತ್ತದಲ್ಲ, ಹಾಗೆ. ನಾಳೆ ನಿಮ್ಮ ತೋಟದಲ್ಲಿ ಅಷ್ಟೇ ಮಳೆ ಬೀಳಬೇಕು ಎಂದೇನೂ ಇಲ್ಲ.

ಲೆಕ್ಕ ಬರೆಯುವವರು ಯಾರು?

ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ, ಅಂದರೆ ನಾವೆಲ್ಲ ಕರೆಯುವ ಎಪಿಎಂಸಿ. ಕರ್ನಾಟಕದಲ್ಲಿ ಇವು 1966ರ ಕಾಯ್ದೆಯಡಿ ನಡೆಯುತ್ತವೆ.

ಇ-ಟೆಂಡರ್ ಇರುವ ಮಾರುಕಟ್ಟೆಯಲ್ಲಿ ಕೆಲಸ ಹೀಗೆ ಸಾಗುತ್ತದೆ. ಅಡಿಕೆ ಚೀಲ ಗೇಟಿನ ಬಳಿ ಬಂದಾಗ ನೋಂದಣಿಯಾಗುತ್ತದೆ. ರೈತರ ಹೆಸರು, ಬೆಳೆ, ಅಂದಾಜು ತೂಕ ಬರೆದು ಲಾಟ್ ನಂಬರ್ ಕೊಡುತ್ತಾರೆ. ವ್ಯಾಪಾರಿಗಳು ಮಾದರಿ ನೋಡಿ, ತಮ್ಮ ದರವನ್ನು ಕಂಪ್ಯೂಟರ್‌ಗೋ ಮೊಬೈಲ್‌ಗೋ ಹಾಕುತ್ತಾರೆ. ಸಮಯ ಮುಗಿದ ಮೇಲೆ ಪ್ರತಿ ಲಾಟ್‌ಗೆ ಯಾರು ಹೆಚ್ಚು ಬರೆದಿದ್ದಾರೆ ಎಂದು ಪ್ರಕಟವಾಗುತ್ತದೆ. ಆ ದರ ಒಪ್ಪಿಗೆಯಾದರೆ ಸರಿ, ಇಲ್ಲದಿದ್ದರೆ ಮಾರುವುದಿಲ್ಲ ಎನ್ನುವ ಹಕ್ಕು ರೈತರಿಗಿದೆ. ಒಪ್ಪಿದರೆ ತೂಕ, ಬಿಲ್, ಹಣ.

ಆ ದಿನದ ವ್ಯಾಪಾರವನ್ನು ಸಿಬ್ಬಂದಿ ಅಡಿಕೆಯ ಬಗೆಗೆ ತಕ್ಕಂತೆ ಒಟ್ಟು ಮಾಡಿ, ರಾಜ್ಯದ ‘ಕೃಷಿ ಮಾರಾಟ ವಾಹಿನಿ’ ವೆಬ್‌ಸೈಟ್‌ಗೆ ಹಾಕುತ್ತಾರೆ. ಕೇಂದ್ರ ಸರ್ಕಾರದ್ದು ‘ಆಗ್‌ಮಾರ್ಕ್‌ನೆಟ್’. ಇದು 2000ದಲ್ಲಿ ಶುರುವಾಯಿತು. ದೇಶದ ಸಾವಿರಾರು ಮಾರುಕಟ್ಟೆಗಳ ದರ ಅಲ್ಲಿ ಒಂದೇ ಕಡೆ ಸಿಗುತ್ತದೆ. ಎರಡೂ ಉಚಿತ. ಪತ್ರಿಕೆಗಳಲ್ಲಿ, ಯೂಟ್ಯೂಬ್ ಚಾನೆಲ್‌ಗಳಲ್ಲಿ, ದರ ತೋರಿಸುವ ಆ್ಯಪ್‌ಗಳಲ್ಲಿ ಬರುವ ಹಲವು ಅಂಕಿಗಳ ಮೂಲ ಇವೇ.

ಈ ಪದ್ಧತಿ ಶುರುವಾದದ್ದು ಹತ್ತಿಯಿಂದ

ಮಾರುಕಟ್ಟೆಯ ದರವನ್ನು ಸರ್ಕಾರ ಏಕೆ ಬರೆದಿಡಬೇಕು? ಇದಕ್ಕೆ ಉತ್ತರ ಅಡಿಕೆಯಲ್ಲಿಲ್ಲ, ಹತ್ತಿಯಲ್ಲಿದೆ.

ನಮ್ಮ ದೇಶದ ಮೊದಲ ನಿಯಂತ್ರಿತ ಮಾರುಕಟ್ಟೆ ಎಂದು ಹೇಳುವುದು 1886ರಲ್ಲಿ ಬೇರಾರ್ ಪ್ರಾಂತ್ಯದ ಕಾರಂಜಾದಲ್ಲಿ ಶುರುವಾದ ಹತ್ತಿ ಮಾರುಕಟ್ಟೆಯನ್ನು. ಈಗ ಅದು ಮಹಾರಾಷ್ಟ್ರದಲ್ಲಿದೆ. ಇಂಗ್ಲೆಂಡಿನ ಗಿರಣಿಗಳಿಗೆ ಒಳ್ಳೆಯ ಹತ್ತಿ ಸರಿಯಾದ ದರದಲ್ಲಿ ಸಿಗಬೇಕು ಎಂಬುದು ಬ್ರಿಟಿಷರ ಲೆಕ್ಕಾಚಾರ. 1897ರಲ್ಲಿ ಬೇರಾರ್‌ಗೆ ಇದಕ್ಕಾಗಿಯೇ ಕಾನೂನು ಬಂತು. 1927ರಲ್ಲಿ ಬಾಂಬೆ ಪ್ರಾಂತ್ಯ ಹತ್ತಿ ಮಾರುಕಟ್ಟೆಗಳ ಕಾಯ್ದೆ ಮಾಡಿತು. ಹತ್ತಿಗೆ ಹೆಸರಾದ ನಮ್ಮ ಧಾರವಾಡ, ಹುಬ್ಬಳ್ಳಿ, ಗದಗ ಆಗ ಅದೇ ಪ್ರಾಂತ್ಯದಲ್ಲಿದ್ದವು. ಕೊಪ್ಪ, ಶೃಂಗೇರಿ ಕಡೆಯವರು ಮೈಸೂರು ಸಂಸ್ಥಾನದಲ್ಲಿದ್ದರು. ಮೈಸೂರಿನ ಮಾರುಕಟ್ಟೆ ಕಾಯ್ದೆ ಬಂದದ್ದು 1939ರಲ್ಲಿ.

ಅದೇ 1927ರಲ್ಲಿ ಅಮೆರಿಕವೂ ಹತ್ತಿಯ ಅಂಕಿಅಂಶಕ್ಕಾಗಿಯೇ ಒಂದು ಕಾಯ್ದೆ ಮಾಡಿತು. ಅಲ್ಲಿ ಹತ್ತಿಯ ಪ್ರತಿ ಬೇಲ್‌ನಿಂದ ಮಾದರಿ ತೆಗೆದು, ಸರ್ಕಾರಿ ಪ್ರಯೋಗಾಲಯದ ಯಂತ್ರದಲ್ಲಿ ಎಳೆಯ ಉದ್ದ, ಗಟ್ಟಿತನ, ಬಣ್ಣ ಅಳೆಯುತ್ತಾರೆ. ಜೊತೆಗೆ ವ್ಯಾಪಾರಿಗಳಿಂದ ಯಾವ ದರ್ಜೆ ಎಷ್ಟಕ್ಕೆ ಹೋಯಿತು ಎಂಬ ಮಾಹಿತಿ ಸಂಗ್ರಹಿಸಿ ಪ್ರಕಟಿಸುತ್ತಾರೆ.

ಎಲ್ಲ ಕಡೆಯೂ ಕಾರಣ ಒಂದೇ. ಹತ್ತಾರು ಊರಿಂದ ಕೊಳ್ಳುವ ವ್ಯಾಪಾರಿಗೆ ಎಲ್ಲ ಕಡೆಯ ದರ ಗೊತ್ತಿರುತ್ತದೆ. ವರ್ಷಕ್ಕೊಮ್ಮೆ ಮಾರುವ ರೈತರಿಗೆ ಪಕ್ಕದ ಊರಿನ ದರವೂ ಗೊತ್ತಿರುವುದಿಲ್ಲ. ಚೌಕಾಸಿಯಲ್ಲಿ ಸೋಲುವುದು ಗೊತ್ತಿಲ್ಲದವರೇ. ಆ ಅಂತರ ಕಡಿಮೆ ಮಾಡಲು ದರವನ್ನು ಎಲ್ಲರಿಗೂ ಕಾಣುವಂತೆ ಬರೆದಿಡಬೇಕು.

ಇದರಲ್ಲಿ ಇನ್ನೊಂದು ಪಾಠವೂ ಇದೆ. ದರ್ಜೆ ಹೇಳದೆ ದರ ಹೇಳಿದರೆ ಅರ್ಥವಿಲ್ಲ. ಬೆಂಬಲ ಬೆಲೆಯನ್ನೇ ನೋಡಿ. 2025–26ಕ್ಕೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 7,710 ರೂಪಾಯಿ, ಉದ್ದ ಎಳೆಯದಕ್ಕೆ 8,110 ರೂಪಾಯಿ. ತೇವಾಂಶ 8 ಶೇಕಡಾ ದಾಟಿದರೆ ಕಡಿತ, 12 ದಾಟಿದರೆ ಖರೀದಿಯೇ ಇಲ್ಲ. ‘ಹತ್ತಿಗೆ ಎಷ್ಟು?’ ಎಂದು ಕೇಳಿದರೆ ‘ಯಾವ ಹತ್ತಿ?’ ಎಂದು ಮರುಪ್ರಶ್ನೆ ಬರುತ್ತದೆ.

ಅಡಿಕೆಯಲ್ಲಿ ‘ಯಾವ ಅಡಿಕೆ?’ ಎಂಬ ಪ್ರಶ್ನೆ ಇನ್ನೂ ದೊಡ್ಡದು

ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಫಾರ್ವರ್ಡ್ ಬರೆಯುವವರು ಮರೆಯುವುದು ಇದನ್ನೇ.

ಎಳೆಯ ಕಾಯಿಯಿಂದ ಮಾಡಿದ್ದು ಹಸ ಅಥವಾ ಸರಕು. ಸ್ವಲ್ಪ ಬಲಿತದ್ದು ಬೆಟ್ಟೆ. ಇನ್ನೂ ಬಲಿತದ್ದು ರಾಶಿ, ಇಡಿ. ಹೆಚ್ಚು ಬಲಿತದ್ದು ಗೊರಬಲು. ಇವೆಲ್ಲ ಸುಲಿದು, ಬೇಯಿಸಿ, ಚೊಗರು ಕಟ್ಟಿ ಒಣಗಿಸುವ ಕೆಂಪಡಿಕೆ. ದಕ್ಷಿಣ ಕನ್ನಡದ ಚಾಲಿ ಬೇರೆಯೇ ಜಾತಿ. ಹಣ್ಣಡಿಕೆಯನ್ನು ಸಿಪ್ಪೆಸಮೇತ ತಿಂಗಳಿಗೂ ಹೆಚ್ಚು ಒಣಗಿಸಿ ಸುಲಿದದ್ದು. ಅದರ ದರವನ್ನು ಕೆ.ಜಿ. ಲೆಕ್ಕದಲ್ಲಿ ಹೇಳುವುದು ರೂಢಿ.

ಸಾಮಾನ್ಯವಾಗಿ ಸರಕು ದರದಲ್ಲಿ ಎಲ್ಲಕ್ಕಿಂತ ಮೇಲೆ, ಗೊರಬಲು ಕೆಳಗೆ. ನಡುವಿನ ಅಂತರ ನೂರಿನ್ನೂರಲ್ಲ, ಹತ್ತಾರು ಸಾವಿರ. ಈಗ ಮೊದಲ ಸಂದೇಶವನ್ನು ಮತ್ತೆ ಓದಿ. ‘ಅಡಿಕೆ 90 ಸಾವಿರ’ ಎಂದಿದೆ, ಯಾವ ಅಡಿಕೆ ಎಂದು ಹೇಳಿಲ್ಲ. ಸರಕಿಗೆ ಅಂಥ ದರ ಬಂದ ದಿನಗಳಿವೆ. ಆದರೆ ನಿಮ್ಮ ಮನೆಯಲ್ಲಿರುವುದು ರಾಶಿಯಾದರೆ ಆ ಸುದ್ದಿ ನಿಮ್ಮದಲ್ಲ.

ಹತ್ತಿಗೂ ಅಡಿಕೆಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಹತ್ತಿಯ ಎಳೆಯನ್ನು ಯಂತ್ರ ಮಿಲಿಮೀಟರ್‌ನಲ್ಲಿ ಅಳೆಯುತ್ತದೆ. ಮಂಡಿಯಲ್ಲಿ ಅಡಿಕೆಯನ್ನು ನೋಡುವುದು ಕಣ್ಣು ಮತ್ತು ಕೈ. ಬಣ್ಣ, ಹೊಳಪು, ಒಣಗಿದ ಹದ, ಒಡಕು, ಹುಳುಕು, ಕತ್ತರಿಸಿದಾಗ ಒಳಗೆ ಕಾಣುವ ಬಿಳಿ ಭಾಗ ಇವೇ ಅಳತೆ. ಹಾಗಾಗಿ ‘ರಾಶಿ’ ಎಂಬ ಒಂದೇ ಹೆಸರಿನಡಿ ಬಹಳ ಒಳ್ಳೆಯದೂ ಇರುತ್ತದೆ, ಸಾಧಾರಣವೂ ಇರುತ್ತದೆ. ಕೆಲವು ಪಟ್ಟಿಗಳಲ್ಲಿ ರಾಶಿ, ಇಡಿ ಬೇರೆ ಸಾಲು, ಕೆಲವು ಕಡೆ ‘ರಾಶಿ ಇಡಿ’ ಒಟ್ಟಿಗೆ. ಇದನ್ನು ನೋಡದೆ ಎರಡು ಮಾರುಕಟ್ಟೆಯನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಕನಿಷ್ಠ, ಗರಿಷ್ಠ, ಮೋಡಲ್: ಒಂದು ಲೆಕ್ಕ ಮಾಡಿ ನೋಡೋಣ

ವೆಬ್‌ಸೈಟ್ ಪಟ್ಟಿಯಲ್ಲಿ ಒಂದು ಬಗೆಗೆ ಮೂರು ದರ ಇರುತ್ತವೆ. ಕನಿಷ್ಠ ಎಂದರೆ ಆ ದಿನದ ಅತಿ ಕಡಿಮೆ. ಗರಿಷ್ಠ ಎಂದರೆ ಅತಿ ಹೆಚ್ಚು. ಮೋಡಲ್ ಎಂದರೆ ಹೆಚ್ಚಿನ ಪ್ರಮಾಣದ ಮಾಲು ಮಾರಾಟವಾದ ದರ. ಮೋಡಲ್ ಅನ್ನು ಸರಾಸರಿ ಎಂದು ಬರೆಯುವವರಿದ್ದಾರೆ, ಎರಡೂ ಒಂದೇ ಅಲ್ಲ.

ಲೆಕ್ಕಕ್ಕಾಗಿ ಒಂದು ದಿನವನ್ನು ಊಹಿಸಿಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ, ಇಂದಿನ ದರವಲ್ಲ. ಒಂದು ಮಾರುಕಟ್ಟೆಗೆ 46 ಕ್ವಿಂಟಲ್ ರಾಶಿ ಬಂತು.

– 2 ಕ್ವಿಂಟಲ್ 46,000 ರೂಪಾಯಿಗೆ
– 10 ಕ್ವಿಂಟಲ್ 51,000 ರೂಪಾಯಿಗೆ
– 25 ಕ್ವಿಂಟಲ್ 53,000 ರೂಪಾಯಿಗೆ
– 8 ಕ್ವಿಂಟಲ್ 54,000 ರೂಪಾಯಿಗೆ
– 1 ಕ್ವಿಂಟಲ್ 57,000 ರೂಪಾಯಿಗೆ

ಪಟ್ಟಿಯಲ್ಲಿ ಕನಿಷ್ಠ 46,000, ಗರಿಷ್ಠ 57,000, ಮೋಡಲ್ 53,000 ಎಂದು ಬರುತ್ತದೆ. ತೂಕ ಹಿಡಿದು ಸರಾಸರಿ ತೆಗೆದರೆ ಸುಮಾರು 52,500.

ಫಾರ್ವರ್ಡ್ ಬರೆಯುವವರು ಯಾವುದನ್ನು ಎತ್ತಿಕೊಳ್ಳುತ್ತಾರೆ? 57,000 ಅನ್ನು. ಅದು ನಿಜವೇ, ಯಾರೋ ಒಬ್ಬರಿಗೆ ಸಿಕ್ಕಿದೆ. ಆದರೆ 46 ಕ್ವಿಂಟಲ್‌ನಲ್ಲಿ ಒಂದೇ ಕ್ವಿಂಟಲ್‌ಗೆ. ‘57 ಸಾವಿರ ತೋರಿಸಿ 51 ಕೊಟ್ಟರು, ಮೋಸ’ ಎಂದ ಎರಡನೆಯ ಸಂದೇಶದ ಸಿಟ್ಟಿಗೂ ಬಹುಮಟ್ಟಿಗೆ ಇದೇ ಕಾರಣವಿರಬಹುದು. ಗರಿಷ್ಠ ನೋಡಿಕೊಂಡು ಹೋದರೆ ಹೆಚ್ಚಿನವರಿಗೆ ನಿರಾಸೆಯೇ.

ಹಾಗೆಂದು ಕಡಿಮೆ ಕೊಟ್ಟವರೆಲ್ಲ ಸರಿ ಎಂದೂ ಅಲ್ಲ. ನಿಮ್ಮ ಮಾಲು ಸಾಧಾರಣ ಗುಣಮಟ್ಟದ್ದಾಗಿದ್ದು ಮೋಡಲ್‌ಗಿಂತ ಬಹಳ ಕಡಿಮೆ ದರ ಬಂದರೆ ‘ಯಾಕೆ?’ ಎಂದು ಕೇಳುವುದಕ್ಕೆ ಈ ಪಟ್ಟಿಯೇ ಆಧಾರ. ತೇವವೇ, ಗೊರಬಲು ಮಿಶ್ರಣವೇ, ಬಣ್ಣವೇ? ಕಾರಣ ಹೇಳಲಿ. ಕಾರಣ ಸರಿ ಕಾಣದಿದ್ದರೆ ಮಾರದೆ ವಾಪಸ್ ತರುವ, ಬೇರೆ ಕಡೆ ವಿಚಾರಿಸುವ ಹಕ್ಕು ನಿಮ್ಮದು. ಮಾರುಕಟ್ಟೆ ಶುಲ್ಕ ಕಾನೂನಿನ ಪ್ರಕಾರ ಕೊಳ್ಳುವವರದ್ದು, ಅದನ್ನು ನಿಮ್ಮ ಬಿಲ್‌ನಲ್ಲಿ ಕಡಿದಿದ್ದರೆ ಅದನ್ನೂ ಕೇಳಿ.

ಎಲ್ಲರೂ ಬಿಟ್ಟುಬಿಡುವ ಕಾಲಂ: ಆವಕ

ದರದ ಪಕ್ಕದಲ್ಲೇ ‘ಆವಕ’ ಎಂಬ ಕಾಲಂ ಇರುತ್ತದೆ. ಆ ದಿನ ಎಷ್ಟು ಮಾಲು ಬಂತು ಎಂಬುದು. ನಮ್ಮ ಪ್ರಕಾರ ದರದಷ್ಟೇ ಮುಖ್ಯ ಇದು.

500 ಕ್ವಿಂಟಲ್ ಬಂದ ದಿನದ ಮೋಡಲ್ ದರ ಮಾರುಕಟ್ಟೆಯ ನಾಡಿ. 3 ಕ್ವಿಂಟಲ್ ಬಂದ ದಿನದ ಮೋಡಲ್ ಒಬ್ಬಿಬ್ಬರ ವ್ಯಾಪಾರ. ಅದು ಒಂದೇ ದಿನ ಎರಡು ಸಾವಿರ ಏರಿದರೂ, ಇಳಿದರೂ ದೊಡ್ಡ ಅರ್ಥವಿಲ್ಲ. ಶಿವಮೊಗ್ಗದಂಥ ದೊಡ್ಡ ಮಾರುಕಟ್ಟೆಗೂ ಕೊಪ್ಪದಂಥ ಚಿಕ್ಕ ಮಾರುಕಟ್ಟೆಗೂ ಹೋಲಿಸುವಾಗ ಇದನ್ನು ಮರೆಯಬಾರದು. ಕೊಯ್ಲು ಮುಗಿದು ಒಣಗಿದ ಮಾಲು ಹೊರಬರುವ ತಿಂಗಳುಗಳ ದರವನ್ನೂ ಮಳೆಗಾಲದ ಖಾಲಿ ದಿನಗಳ ದರವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ದಿನಾಂಕವನ್ನೂ ನೋಡಿ. ಎಲ್ಲ ಮಾರುಕಟ್ಟೆಯಲ್ಲೂ ದಿನವೂ ಅಡಿಕೆ ವ್ಯಾಪಾರ ನಡೆಯುವುದಿಲ್ಲ. ರಜೆ ಇದ್ದರೆ ಹಿಂದಿನ ವಾರದ ದರವೇ ಕೊನೆಯ ಸಾಲಾಗಿ ಕಾಣಬಹುದು. ಅದರ ಸ್ಕ್ರೀನ್‌ಶಾಟ್ ತೆಗೆದು ‘ಇಂದಿನ ದರ’ ಎಂದು ಕಳಿಸಿದರೆ ಓದುವವರಿಗೆ ಗೊತ್ತಾಗುವುದಿಲ್ಲ.

ಹಾಗಾದರೆ ಸರ್ಕಾರದ ಅಂಕಿ ಪೂರ್ತಿ ನಂಬಬಹುದೇ?

ಪೂರ್ತಿ ಅಲ್ಲ. ಅದರ ಮಿತಿಗಳನ್ನೂ ಹೇಳಬೇಕು.

ಒಂದು, ಕೈತಪ್ಪು. ಅಂಕಿ ತುಂಬುವವರು ಮನುಷ್ಯರು. ಒಂದು ಸೊನ್ನೆ ಹೆಚ್ಚಾದರೆ, ರಾಶಿಯ ದರ ಬೆಟ್ಟೆಯ ಸಾಲಿಗೆ ಹೋದರೆ ಪಟ್ಟಿ ದಿಕ್ಕು ತಪ್ಪುತ್ತದೆ. ಹಿಂದಿನ ನಾಲ್ಕೈದು ದಿನದ ದರದ ಜೊತೆ ಇಟ್ಟು ನೋಡಿದರೆ ಇಂಥ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

ಎರಡು, ಪಟ್ಟಿಗೆ ಬಾರದ ವ್ಯಾಪಾರ. ಇದು ದೊಡ್ಡ ಸಮಸ್ಯೆ. ತೋಟದಲ್ಲೇ ಫಸಲನ್ನು ಚೇಣಿಗೆ ಕೊಟ್ಟರೆ ಆ ದರ ಎಲ್ಲೂ ದಾಖಲಾಗುವುದಿಲ್ಲ. ಹಸಿ ಅಡಿಕೆಯನ್ನು ಮನೆ ಬಾಗಿಲಲ್ಲೇ ತೂಗಿಕೊಟ್ಟರೂ ಅಷ್ಟೇ. ಒಣ ಅಡಿಕೆಗೆ 5 ಶೇಕಡಾ ಜಿಎಸ್‌ಟಿ ಇದೆ, ಅದನ್ನು ತಪ್ಪಿಸಲು ಬಿಲ್ ಇಲ್ಲದೆ ನಡೆಯುವ ವ್ಯಾಪಾರವೂ ಇದೆ. ‘ಬಿಲ್ ಬೇಡ ಅಂದ್ರೆ ಇನ್ನೂರು ಜಾಸ್ತಿ ಕೊಡ್ತೀನಿ’ ಎಂಬ ಮಾತು ಕೇಳಲು ಹಿತ. ಆದರೆ ಆ ಮಾರಾಟ ಸರ್ಕಾರದ ಲೆಕ್ಕದಲ್ಲಿ ಇಲ್ಲ. ಹಣ ಬಾರದಿದ್ದರೆ ನಿಮ್ಮ ಕೈಯಲ್ಲಿ ದಾಖಲೆಯೂ ಇಲ್ಲ.

ಮೂರು, ಇದು ನಿನ್ನೆಯ ಕನ್ನಡಿ. ನಾಳೆ ಏರುತ್ತದೋ ಇಳಿಯುತ್ತದೋ ಎಂದು ಇದು ಹೇಳುವುದಿಲ್ಲ. ಹಾಗೆ ಹೇಳುವ ಫಾರ್ವರ್ಡ್‌ಗೂ ಅದು ಗೊತ್ತಿಲ್ಲ.

ಆದ್ದರಿಂದ ಸರ್ಕಾರಿ ಪಟ್ಟಿಯ ಜೊತೆಗೆ ಇನ್ನೊಂದು ಮೂಲ ಇಟ್ಟುಕೊಳ್ಳುವುದು ಒಳ್ಳೆಯದು. ಮಲೆನಾಡಿನಲ್ಲಿ ಮ್ಯಾಮ್ಕೋಸ್, ಕರಾವಳಿಯಲ್ಲಿ 1973ರಲ್ಲಿ ಶುರುವಾದ ಕ್ಯಾಂಪ್ಕೋದಂಥ ಸಹಕಾರ ಸಂಘಗಳಿವೆ. ಅವು ಬೆಳೆಗಾರರದ್ದೇ ಸಂಸ್ಥೆಗಳು. ಅಲ್ಲಿ ವಿಚಾರಿಸಿದ ದರವೂ ಪಟ್ಟಿಯ ಮೋಡಲ್ ದರವೂ ಹತ್ತಿರದಲ್ಲಿದ್ದರೆ ಧೈರ್ಯವಾಗಿ ನಂಬಬಹುದು. ಬಹಳ ದೂರ ಇದ್ದರೆ ಬಗೆ, ದಿನಾಂಕ, ಆವಕ ಮತ್ತೊಮ್ಮೆ ನೋಡಿ.

ನಿಮ್ಮ ಒಂದು ಬಿಲ್ ಏಕೆ ಮುಖ್ಯ

ಈ ಪಟ್ಟಿ ಯಾರೋ ಬೆಂಗಳೂರಲ್ಲಿ ಕೂತು ಬರೆಯುವುದಲ್ಲ. ಮಾರುಕಟ್ಟೆಯ ಗೇಟಿನಲ್ಲಿ ನೋಂದಣಿಯಾದ ಒಂದೊಂದು ಚೀಲವೂ ಸೇರಿ ಆಗುವುದು. ದಾಖಲಾಗುವ ವ್ಯಾಪಾರ ಕಡಿಮೆಯಾದಷ್ಟೂ ಪಟ್ಟಿ ತೆಳುವಾಗುತ್ತದೆ. ತೆಳುವಾದ ಪಟ್ಟಿಯನ್ನು ನಾಲ್ಕು ಲಾಟ್‌ಗಳು ಎತ್ತಲೂಬಹುದು, ಬೀಳಿಸಲೂಬಹುದು. ಆಗ ಪಟ್ಟಿಯ ಮೇಲೆ ನಂಬಿಕೆ ಹೋಗುತ್ತದೆ, ಆ ಜಾಗಕ್ಕೆ ಫಾರ್ವರ್ಡ್ ಬರುತ್ತದೆ. ವ್ಯಾಪಾರಿಗೆ ಆಗಲೂ ನಷ್ಟವಿಲ್ಲ, ಅವರಿಗೆ ನಾಲ್ಕು ಊರಿನ ದರ ಫೋನಿನಲ್ಲೇ ಸಿಗುತ್ತದೆ. ಕತ್ತಲಲ್ಲಿ ಉಳಿಯುವುದು ಐದು ಕ್ವಿಂಟಲ್ ಇಟ್ಟುಕೊಂಡು ಕೂತ ಮನೆ.

ಹಂಚುವ ಮುನ್ನ ಐದು ಪ್ರಶ್ನೆ

1. ಯಾವ ಅಡಿಕೆ? ಸರಕು, ಬೆಟ್ಟೆ, ರಾಶಿ, ಗೊರಬಲು, ಚಾಲಿ ಎಂದು ಬರೆದಿದೆಯೇ?
2. ಯಾವ ಮಾರುಕಟ್ಟೆ? ಕೊಪ್ಪವೇ, ತೀರ್ಥಹಳ್ಳಿಯೇ, ಶಿವಮೊಗ್ಗವೇ?
3. ಯಾವ ದಿನ?
4. ಕನಿಷ್ಠವೋ, ಗರಿಷ್ಠವೋ, ಮೋಡಲ್ಲೋ? ಕ್ವಿಂಟಲ್‌ಗೋ, ಕೆ.ಜಿ.ಗೋ?
5. ಆವಕ ಎಷ್ಟು?

ಐದರಲ್ಲಿ ಮೊದಲ ಮೂರಕ್ಕೆ ಉತ್ತರವಿಲ್ಲದಿದ್ದರೆ ಆ ಸಂದೇಶ ದರದ ಸುದ್ದಿಯೇ ಅಲ್ಲ. ಅಲ್ಲಿಗೇ ನಿಲ್ಲಿಸಿ.

ನಮ್ಮ ತೀರ್ಮಾನ

‘ಅಡಿಕೆಗೆ 90 ಸಾವಿರ, ಇದು ಸರ್ಕಾರಿ ದರ’ ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು. ಸರ್ಕಾರ ಅಡಿಕೆಗೆ ದರ ನಿಗದಿ ಮಾಡುವುದಿಲ್ಲ, ಅಂಕಿ ಯಾವ ಬಗೆಯದ್ದು ಎಂಬುದೂ ಅದರಲ್ಲಿಲ್ಲ. ‘ಸರ್ಕಾರದ ದರ ಶುದ್ಧ ಸುಳ್ಳು’ ಎಂಬುದೂ ತಪ್ಪು. ಅದು ನಡೆದ ವ್ಯಾಪಾರದ ವರದಿ, ಮಿತಿಗಳಿರುವ ವರದಿ.

ಪ್ರಶ್ನೆ ಕಳಿಸಿದ ಓದುಗರಿಗೆ ನಮ್ಮ ಉತ್ತರ ಇಷ್ಟೇ: ಎರಡನ್ನೂ ಮುಂದೆ ಕಳಿಸಬೇಡಿ. ಕೃಷಿ ಮಾರಾಟ ವಾಹಿನಿ ತೆರೆದು, ನಿಮ್ಮಲ್ಲಿರುವ ಬಗೆಯ ಒಂದು ವಾರದ ಮೋಡಲ್ ದರ ಮತ್ತು ಆವಕವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಂಡಿಗೆ ಹೋಗುವಾಗ ಆ ಚೀಟಿ ಜೇಬಿನಲ್ಲಿರಲಿ. ಮಾರಿದ ಮೇಲೆ ಬಿಲ್ ಕೇಳಿ ಪಡೆಯಿರಿ.